‘ಲೇ ಪೆದ್ದಿ’ ಅನ್ನುವ ಭಾಷೆ

ಬೆಳಗಿನ ಐದೂವರೆ. ಬಟ್ಟೆ ರಿಪೇರಿ ಅಂಗಡಿಯ ಷಟರ್ ಅರ್ಧ ಮಾತ್ರ ಮೇಲೆದ್ದಿದೆ. ಹೊಲಿಗೆ ಯಂತ್ರದ ಪಕ್ಕ, ಗುಂಡಿ ಡಬ್ಬಗಳ ನಡುವೆ ಜಾಗ ಮಾಡಿಕೊಂಡ ಹಳೆಯ ಲ್ಯಾಪ್‌ಟಾಪಿನಲ್ಲಿ ಟೈಲರಮ್ಮ ಇವತ್ತಿನ ಮೊದಲ ಬೈಗುಳ ಓದುತ್ತಿದ್ದಾರೆ. ‘ನಿಮ್ಮ ಭಾಷೆ ನಿನ್ನೆ ನನ್ನನ್ನು ಪೆದ್ದಿ ಎಂದಿತು. ನನಗೆ ಐವತ್ತೆರಡು ವರ್ಷ. ಮೇಲಾಗಿ ಗಂಡಸು.’

ಟೈಲರಮ್ಮ ನಗುವುದಿಲ್ಲ. ಕನ್ನಡಕ ಏರಿಸಿಕೊಂಡು ಉತ್ತರ ಟೈಪ್ ಮಾಡುತ್ತಾರೆ: ‘ಕ್ಷಮಿಸಿ ಸರ್. ಅದು ನಿಮಗೆ ಹೇಳಿದ್ದಲ್ಲ.’

ಹೇಳಿದ್ದು ಟೈಲರಮ್ಮನಿಗೇ. ‘ಕಾಜ’ ಎಂಬ ಈ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯನ್ನು ಅವರ ಅಣ್ಣ ಕಟ್ಟಿದ್ದು, ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ತಂಗಿ ಅಳತೆಯ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡಲೆಂದು. ತೆರೆಯುವ ಬ್ರಾಕೆಟ್ ಗುಂಡಿ, ಮುಚ್ಚುವ ಬ್ರಾಕೆಟ್ ಆ ಗುಂಡಿ ತೂರುವ ಕಾಜ ಎಂದು ಹೇಳಿಕೊಟ್ಟರು. ತಪ್ಪಾದಾಗ ಪರದೆಯಲ್ಲಿ ಮೂಡುವ ಸಂದೇಶಗಳನ್ನೂ ಮನೆಯಲ್ಲಿ ಬೈಯುವ ಧಾಟಿಯಲ್ಲೇ ಬರೆದಿಟ್ಟರು. ಬ್ರಾಕೆಟ್ ಮುಚ್ಚದಿದ್ದರೆ, ‘ಲೇ ಪೆದ್ದಿ, ಗುಂಡಿ ಹಾಕೋದು ಯಾವಾಗ?’

ಅಣ್ಣ ತೀರಿಕೊಂಡು ನಾಲ್ಕು ವರ್ಷ. ಎದೆನೋವು ಅಂತ ಕೂತವರು ಏಳಲೇ ಇಲ್ಲ. ಭಾಷೆ ಅನಾಥವಾಗಬಾರದೆಂದು ತಂಗಿ ಸಭೆ ಸಭೆ ಅಲೆದು, ಕೈಯಾರೆ ಬರೆದ ಪಾಠ ಹಂಚಿ, ಬಳಸುವವರ ಸಂಖ್ಯೆಯನ್ನು ಇನ್ನೂರ ಹದಿನಾಲ್ಕಕ್ಕೆ ತಂದಿದ್ದಾರೆ. ದಿನಕ್ಕೆ ಆರೇಳು ಪತ್ರ ಬರುತ್ತವೆ. ಹೊಗಳಿಕೆ ವಾರಕ್ಕೊಂದು ಬಂದರೆ ಪುಣ್ಯ. ‘ಸತ್ತವನ ಭಾಷೆಗೆ ಟೈಲರ್ ತೇಪೆ ಹಾಕ್ತಿದ್ದಾಳೆ’ ಎಂದು ಬರೆದ ಮಹಾನುಭಾವರೂ ಇದ್ದಾರೆ. ಅವರಿಗೂ ಉತ್ತರ ಹೋಗಿದೆ.

“ರವಿಕೆ ವಾಪಸ್ ತರೋರು ಬಾಯಿಗೆ ಬಂದಿದ್ದು ಅಂತಾರೆ. ಹಾಗೇ ಎಲ್ಲಿ ಬಿಗಿ ಅಂತಾನೂ ಹೇಳ್ತಾರೆ. ಮಾತು ಬಿಟ್ಟು, ಬಿಗಿ ಇರೋ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕ್ಕೋಬೇಕು, ಅಷ್ಟೆ,” ಎನ್ನುತ್ತಾರೆ ಟೈಲರಮ್ಮ.

ಎಲ್ಲರ ದೂರಿನ ಗುರುತೂ ಬಿದ್ದದ್ದು ಒಂದೇ ಕಡೆ, ಅಣ್ಣನ ಬೈಗುಳದ ಮೇಲೆ. ಕಳೆದ ತಿಂಗಳು ಒಬ್ಬ ಮೇಷ್ಟ್ರು ನಲವತ್ತು ಮಕ್ಕಳಿಗೆ ಕಾಜ ಕಲಿಸಲು ಒಪ್ಪಿದರು, ಒಂದು ಷರತ್ತಿನ ಮೇಲೆ: “ಮಕ್ಕಳನ್ನ ಪೆದ್ದಿ, ಪೆದ್ದ ಅನ್ನೋ ಹಾಗಿಲ್ಲಮ್ಮ.”

“ಅವರು ಹೇಳಿದ್ದು ಸರಿ. ಅದೇ ಸಂಕಟ,” ಎನ್ನುವಾಗ ಟೈಲರಮ್ಮನ ದನಿ ಇಳಿಯುತ್ತದೆ. ತಿದ್ದಬೇಕಿದ್ದದ್ದು ಮೂವತ್ತೊಂದು ಸಾಲು, ಒಂದು ಗಂಟೆಯ ಕೆಲಸ. ಅವರಿಗೆ ಹಿಡಿದದ್ದು ಹನ್ನೆರಡು ದಿನ. ನಿನ್ನೆ ರಾತ್ರಿಯಿಂದ ಕಾಜ ಬಲು ಮರ್ಯಾದಸ್ಥ ಭಾಷೆ: ‘ಬ್ರಾಕೆಟ್ ಮುಚ್ಚಿಲ್ಲ. ದಯವಿಟ್ಟು ಗಮನಿಸಿ.’ “ಅಣ್ಣನ ಬಾಯಿ ನಾನೇ ಮುಚ್ಚಿಸಿದ ಹಾಗಾಯ್ತು. ಆದ್ರೆ ಭಾಷೆ ಉಳೀತು.”

ಏಳು ಗಂಟೆ. ಷಟರ್ ಪೂರ್ತಿ ಎತ್ತುವ ಮುಂಚೆ ಒಂದು ಕೆಲಸ ಬಾಕಿಯಿದೆ. ಈ ಲ್ಯಾಪ್‌ಟಾಪಿನಲ್ಲಿ ಮಾತ್ರ ಹಳೆಯ ಕಾಜ ಹಾಗೇ ಇದೆ. ಒಂದು ಸಾಲು ಬರೆಯುತ್ತಾರೆ, ಬ್ರಾಕೆಟ್ ಮುಚ್ಚದೆ ಎಂಟರ್ ಒತ್ತುತ್ತಾರೆ.

‘ಲೇ ಪೆದ್ದಿ, ಗುಂಡಿ ಹಾಕೋದು ಯಾವಾಗ?’

“ಮಕ್ಕಳು ತಪ್ಪಿಲ್ಲದೆ ಬರೀಲಿ, ಅಷ್ಟೇ ನನ್ನಾಸೆ,” ಎಂದು ಕಣ್ಣೊರೆಸಿಕೊಳ್ಳುತ್ತಾರೆ. “ನಾನು ಮಾತ್ರ ದಿನಾ ಒಂದು ತಪ್ಪು ಮಾಡ್ತೀನಿ. ನನ್ನ ಬೈಯೋಕೆ ಇನ್ಯಾರಿದ್ದಾರೆ ಹೇಳಿ?”