ಕೇಳಿದರೆ ಮಾತ್ರ ಬರುತ್ತಿದ್ದ ಆಯಮ್ಮ

ಆಯಮ್ಮನ ಎಡಗೈ ಹೆಬ್ಬೆರಳ ತುಂಬ ಕೂದಲೆಳೆಯಂಥ ಗೀರುಗಳು. ಬಿತ್ತನೆ ಆಲೂಗಡ್ಡೆಯನ್ನು ಅಂಗೈಯಲ್ಲಿ ಮೆಲ್ಲಗೆ ಉರುಳಿಸಿ, ಮೊಳಕೆಯೊಡೆಯುವ ಕಣ್ಣನ್ನು ಆ ಬೆರಳಲ್ಲೇ ತಡವಿ ಹುಡುಕಿ, ಹೋಳು ಹೋಳಿನಲ್ಲೂ ಒಂದು ಕಣ್ಣು ಉಳಿಯುವಂತೆ ಕೊಯ್ಯುತ್ತಿದ್ದರು. ನೋಟವೆಲ್ಲ ಇನ್ನೆಲ್ಲೋ. ಹೊಂಗೆಯ ನೆರಳು ಅವರ ಸೆರಗಿನ ಮೇಲೆ ಅಲ್ಲಾಡುವುದನ್ನು ನೋಡುತ್ತ ಕೂತರೆ ನನಗೂ ಜೊಂಪು ಹತ್ತುತ್ತಿತ್ತು.

ಹಾಸನದ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದು, ನಿವೃತ್ತರಾದ ಮೇಲೆ ಅರಕಲಗೂಡು ಕಡೆಯ ನಮ್ಮೂರಿಗೆ ಮರಳಿದ್ದರು. ಪಿಂಚಣಿ ಬರುತ್ತಿತ್ತು. ಮತ್ತೆ ಕೂಲಿ ಯಾಕೆ ಎಂದರೆ ನಗುತ್ತಿದ್ದರು. "ಡ್ಯೂಟಿ ಅವ್ರು ಆಕಿದ್ದು. ಇದು ನಾನೇ ಆರಿಸ್ಕಂಡಿದ್ದು ಕಣಪ್ಪ."

ನಮ್ಮ ಮನೆಯ ಪದ್ಧತಿ ಬೇರೆಯೇ ಇತ್ತು. ಹಿಂದಿನ ಸಂಜೆ ನಮ್ಮವರು ಯಾರಾದರೂ ಆಯಮ್ಮನಿದ್ದ ಕೂಲಿಯವರ ಬೀದಿಯ ತುದಿಯಲ್ಲಿ ನಿಂತು, "ನಾಳೀಕೆ ಬಿತ್ನೆ ಕುಯ್ಯಾಕೆ ಬನ್ರೋ" ಎಂದು ಕೂಗಿದರೆ ಮುಗಿಯಿತು, ಎಲ್ಲರೂ ಬರುತ್ತಿದ್ದರು. ಆಯಮ್ಮ ಮಾತ್ರ ಬರುತ್ತಿರಲಿಲ್ಲ. ಮನೆ ಬಾಗಿಲಿಗೆ ಬಂದು ಕೇಳಬೇಕಿತ್ತು. "ನಮ್ಮವ್ವಂಗೆ ನಿಮ್ಮನೆ ಕೆಲ್ಸಕ್ಕೆ ಬರಾಕಿಲ್ಲ ಅನ್ನಾಕೆ ಬಾಯೇ ಇರ್ಲಿಲ್ಲ. ನಂಗೈತೆ" ಎಂದಿದ್ದರು. ಅಪ್ಪನಿಗೆ ಸಿಟ್ಟು. ನಾವು ಹೋಗಿ ಕೇಳುವುದೇ!

ಒಂದು ವರ್ಷ ಆಯಮ್ಮನಿಲ್ಲದೆ ಉಳಿದವರು ಕೊಯ್ದ ಹೋಳುಗಳನ್ನು ನೆರಳಲ್ಲಿ ಹರಡದೆ ಹಸಿಹಸಿಯಾಗಿ ರಾಶಿ ಹಾಕಿಬಿಟ್ಟರು. ಅರ್ಧ ಬಿತ್ತನೆ ಕೊಳೆಯಿತು. ಹದ ಮಳೆ ಬೇರೆ ಬಿದ್ದಿತ್ತು. ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ಆಯಮ್ಮನ ಜಗಲಿಯ ಮುಂದೆ ನಿಂತರು.

"ನಾಳೆ ಬತ್ತೀಯೇನಮ್ಮ?"

ಆಯಮ್ಮ ಆಕಾಶ ನೋಡಿದರು. "ನಾಳಿಕ್ಕೆ ಬ್ಯಾಡ ಗೌಡ್ರೆ, ತಲೆಗೆ ನೀರಾಕ್ಕೋಬೇಕು. ನಾಡಿದ್ದು ಬತ್ತೀನಿ."

ನಾಡಿದ್ದು ಸೂರ್ಯ ಏಳುವ ಮೊದಲೇ ಆಯಮ್ಮ ಹೊಂಗೆಯ ಕೆಳಗಿದ್ದರು. ಅವರು ಕೊಯ್ದದ್ದು ಒಂದೂ ಹುಸಿಯಾಗಲಿಲ್ಲ.

ಅಪ್ಪ ಕಾಲವಾದ ಮೇಲೆ ವರ್ಷವರ್ಷವೂ ಕೇಳಲು ನಾನು ಹೋಗುತ್ತಿದ್ದೆ. ಹೋದ ಮುಂಗಾರಿಗೆ ಅವರು ಹಾಸಿಗೆ ಹಿಡಿದಿದ್ದರು. ಏಳಲಾರರು ಎಂದು ಗೊತ್ತಿದ್ದೂ ಪಕ್ಕದಲ್ಲಿ ಕೂತು ಕೇಳಿದೆ: "ಆಯಮ್ಮ, ನಾಳೆ ಬಿತ್ನೆ ಕುಯ್ಯಾಕೆ ಬತ್ತೀರಾ?"

ಹೆಬ್ಬೆರಳು ಬರಿಗೈಯಲ್ಲೇ ಏನನ್ನೋ ತಡವಿತು.

"ಇಲ್ಲ ಕಣಪ್ಪ. ಈ ವರ್ಸ ನಾನ್ ಬರಾಕಿಲ್ಲ" ಎಂದು ನಕ್ಕರು. ಹೊರಗೆ ಬಂದು ಅತ್ತುಬಿಟ್ಟೆ. ವಾರದೊಳಗೆ ಹೋಗಿಬಿಟ್ಟರು.

ಈ ವರ್ಷ ನಮ್ಮ ಮನೆಯಿಂದ ಯಾರೂ ಬೀದಿ ತುದಿಯಲ್ಲಿ ನಿಂತು ಕೂಗಲಿಲ್ಲ. ನಾನೇ ಮನೆಮನೆಗೂ ಹೋಗಿ ಕೇಳಿದೆ. ಇಬ್ಬರು ಬರುವುದಿಲ್ಲ ಎಂದರು.