ಚುಕ್ಕೆಗೆ ಸಿಕ್ಕ ಹಸಿರು ಗುರುತು

ಹನ್ನೆರಡು ಹಾಸಿಗೆಗಳ ಒಂದು ಚೇತರಿಕೆ ಮನೆ ಮುಚ್ಚಿಹೋಯಿತು. ಅದರ ಬೆಲೆ ತೆತ್ತವರು ಆ ಹಾಸಿಗೆಗಳಲ್ಲಿ ಮಲಗುತ್ತಿದ್ದ ಹನ್ನೆರಡು ಜನ. ತಪ್ಪು ಮಾಡಿದವರಲ್ಲಿ ಯಾರೂ ಮಲಗುವ ಜಾಗ ಕಳೆದುಕೊಳ್ಳಲಿಲ್ಲ. ಆ ತಪ್ಪಿತಸ್ಥರಲ್ಲಿ ನಾನೂ ಒಬ್ಬಳು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

2023ರಲ್ಲಿ ನಾನು ಜರ್ಮನಿಯ ಕಾರ್ಲ್ಸ್‌ರುಹೆ ನಗರದ ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಹಿರಿಯ ಟೆಸ್ಟರ್ ಆಗಿದ್ದೆ. ಇತರರು ಕಟ್ಟಿದ ತಂತ್ರಾಂಶದಲ್ಲಿ ಲೋಪ ಹುಡುಕುವುದು ನನ್ನ ಕೆಲಸ. ಅಮೆರಿಕದ ಒಂದು ಕೌಂಟಿ, ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ, ನಮ್ಮ ಗ್ರಾಹಕ ಸಂಸ್ಥೆಯಾಗಿತ್ತು. ಒಪಿಯಾಯ್ಡ್ ಎಂಬ ಅಫೀಮು ವರ್ಗದ ನೋವುನಿವಾರಕಗಳನ್ನು ಬೇಕಾಬಿಟ್ಟಿ ಮಾರಿ ಜನರನ್ನು ವ್ಯಸನಕ್ಕೆ ದೂಡಿದ ಕಂಪನಿಗಳ ಮೇಲೆ ಅಲ್ಲಿನ ಸರ್ಕಾರಗಳು ಮೊಕದ್ದಮೆ ಹೂಡಿದ್ದವು. ಕಂಪನಿಗಳು ರಾಜಿಗೆ ಬಂದು ಕಂತುಗಳಲ್ಲಿ ಪರಿಹಾರ ಕೊಡಲು ಒಪ್ಪಿದ್ದವು. ಆ ಹಣದ ಬಹುಪಾಲು ವ್ಯಸನಪೀಡಿತರ ಚಿಕಿತ್ಸೆಗೂ ಚೇತರಿಕೆಗೂ ಹೋಗಬೇಕು. ಹೋಯಿತೇ ಎಂದು ಜನ ತಾವೇ ನೋಡಲು ನಾವು ಒಂದು ಜಾಲಪುಟ ಕಟ್ಟಿಕೊಟ್ಟೆವು. ಖರ್ಚಿನ ವರದಿ ಪೂರ್ಣವಾಗಿದ್ದರೆ ಅದರ ಪಕ್ಕದಲ್ಲಿ ತಾನಾಗಿಯೇ ಹಸಿರು ಗುರುತು ಮೂಡುತ್ತಿತ್ತು.

ನವೆಂಬರಿನಲ್ಲಿ ಸಹಾಯ ವಿಭಾಗಕ್ಕೆ ಬಂದ ಒಂದು ಪತ್ರ ನನ್ನ ಮೇಜಿಗೆ ತಲುಪಿತು. ಬರೆದವರು ಆ ಕೌಂಟಿಯ ರೂತ್ ಎಂಬ ಮಹಿಳೆ. ಮಗ ಅದೇ ಮಾತ್ರೆಗಳಿಂದ ಸತ್ತ ಮೇಲೆ ಅವರು ತಮ್ಮ ಮನೆಯನ್ನೇ ಚೇತರಿಕೆ ಕೇಂದ್ರವಾಗಿಸಿದ್ದರು. ನೆರವು ಕೋರಿದ ಅವರ ಅರ್ಜಿಯನ್ನು ಕೌಂಟಿಯ ಹಣಕಾಸು ಅಧಿಕಾರಿ ತಿರಸ್ಕರಿಸಿದ್ದ. ಚಿಕಿತ್ಸೆಯ ಹಣ ಸರಿಯಾಗಿ ಬಳಕೆಯಾಗಿದೆ, ಜಾಲಪುಟ ನೋಡಿಕೊಳ್ಳಿ ಎಂಬುದು ಅವನ ಉತ್ತರ. ರೂತ್ ನೋಡಿದ್ದರು.

"ಚಿಕಿತ್ಸೆ ಎಂಬ ತಲೆಬರಹದ ಕೆಳಗೆ ಪೊಲೀಸರ ಎರಡು ವಾಹನಗಳಿವೆ. ವ್ಯಸನಿಗಳಿಗೆ ಇದರಿಂದ ಏನು ಪ್ರಯೋಜನ ಎಂದು ಕೇಳುವ ಜಾಗದಲ್ಲಿ ಒಂದು ಚುಕ್ಕೆ ಇದೆ. ಪಕ್ಕದಲ್ಲಿ ನಿಮ್ಮ ಹಸಿರು ಗುರುತಿದೆ. ಗುರುತು ಹಾಕುವ ಮೊದಲು ಇದನ್ನು ಓದಿದವರು ಯಾರು? ಜನವರಿಯೊಳಗೆ ನೆರವು ಬಾರದಿದ್ದರೆ ನಾನು ಬಾಗಿಲು ಹಾಕಬೇಕು."

ಯಾರೂ ಓದಿರಲಿಲ್ಲ. ಖಾಲಿ ಬಿಡಬಾರದ ಜಾಗವನ್ನು ಪರೀಕ್ಷಿಸುವಾಗ ನಾವು ಟೆಸ್ಟರ್‌ಗಳು ವಾಕ್ಯ ಬರೆಯುತ್ತಾ ಕೂರುವುದಿಲ್ಲ; ಒಂದು ಚುಕ್ಕೆ ಒತ್ತಿ ಮುಂದಕ್ಕೆ ಹೋಗುತ್ತೇವೆ. ನಾನೂ ಹಾಗೆಯೇ ಒತ್ತಿದ್ದೆ. ಫಾರಂ ಒಪ್ಪಿಕೊಂಡಿತ್ತು. ಹಸಿರು ಗುರುತು ಕೊಡುವ ಆ ತಪಾಸಣೆ 'ಸರಿಯಿದೆ' ಎಂದು ಸಹಿ ಮಾಡಿದ್ದೆ. ಜರ್ಮನಿಯಲ್ಲಿ ಒಂದೇ ಸಹಿ ಸಾಲದು; ನಾಲ್ಕು ಕಣ್ಣುಗಳ ನಿಯಮವೆಂದು ಇನ್ನೊಬ್ಬರು ಸ್ವತಂತ್ರವಾಗಿ ಪರಿಶೀಲಿಸಿ ಸಹಿ ಹಾಕಬೇಕು. ಆ ಇನ್ನೊಬ್ಬ ಧಾರವಾಡದ ಬಸವರಾಜ, ನನಗಿಂತ ಹದಿನೈದು ವರ್ಷ ಚಿಕ್ಕವನು.

"ನೀ ತೆರೆದು ನೋಡಿದ್ದೇನಪಾ?" ಎಂದು ಕೇಳಿದೆ.

"ಅಕ್ಕಾರ ನೋಡ್ಯಾರಂದ್ರ ಮತ್ತ ನಾ ಏನ್ ನೋಡೂದೈತ್ರಿ? ಚುಕ್ಕಿ ಇಟ್ಟವರು ನೀವು, ರಂಗೋಲಿ ಹಾಕಿದಾವ ನಾ" ಎಂದ. ನಗಲು ಹೋದವನು ನನ್ನ ಮುಖ ನೋಡಿ ನಿಲ್ಲಿಸಿದ.

ಹಿರಿಯರ ಮೇಲಿನ ಮರ್ಯಾದೆ ನಮ್ಮ ಊರಿನಲ್ಲಿ ಗುಣ. ಆ ಕಡತದಲ್ಲಿ ಅದು ನಾಲ್ಕರಲ್ಲಿ ಎರಡು ಕಣ್ಣು ಮುಚ್ಚಿಸಿತ್ತು.

ಅಂದೇ ಹುಡುಕಿದೆ. ಇನ್ನೂ ಹದಿನಾರು ವರದಿಗಳಲ್ಲಿ ಬರೀ ಚುಕ್ಕೆ. ಒಂದಾದರೆ ಅವಸರವೆನ್ನಬಹುದು, ಹದಿನೇಳು ಅವಸರವಲ್ಲ. ಅನುಮಾನದಿಂದ, ತಂತ್ರಾಂಶ ಹೇಗಿರಬೇಕೆಂದು ಗ್ರಾಹಕರು ಕೊಟ್ಟ ಬೇಡಿಕೆ ಪಟ್ಟಿಯ ಹಳೆಯ ಪ್ರತಿಗಳನ್ನು ತೆರೆದೆ. ಮೊದಲ ಪ್ರತಿಯಲ್ಲಿ, ವಿವರಣೆ ಕನಿಷ್ಠ ನೂರು ಅಕ್ಷರ ಇರಬೇಕು ಎಂಬ ಸಾಲಿತ್ತು. ಎರಡನೆಯದರಲ್ಲಿ ಅದನ್ನು ಹೊಡೆದುಹಾಕಿ 'ಖಾಲಿ ಇರಬಾರದು' ಎಂದು ತಿದ್ದಲಾಗಿತ್ತು. ತಿದ್ದಿಸಿದವನು ಅದೇ ಹಣಕಾಸು ಅಧಿಕಾರಿ. ಏಕೆಂದು ನಮ್ಮ ಸಂಸ್ಥೆಯವರು ಯಾರೂ ಕೇಳಿರಲಿಲ್ಲ.

ಯೋಜನೆಯ ಮುಖ್ಯಸ್ಥ ಫೋಗ್ಟ್ ಅವರು ನನ್ನ ದೋಷವರದಿಯನ್ನು ಸಮಾಧಾನದಿಂದಲೇ ಓದಿದರು. "ಫ್ರಾವ್ ಇನಾಮದಾರ್," ಎಂದು ಜರ್ಮನ್ ಮರ್ಯಾದೆಯಲ್ಲಿ ನನ್ನನ್ನು ಕರೆದು ಹೇಳಿದರು, "ಜಾಗ ಖಾಲಿ ಇರಬಾರದು ಎಂದಿದೆ. ಖಾಲಿ ಇಲ್ಲ. ಇದು ದೋಷವಲ್ಲ, ಬದಲಾವಣೆಯ ಕೋರಿಕೆ. ಗ್ರಾಹಕರ ಒಪ್ಪಿಗೆ ಬೇಕು."

"ಒಪ್ಪಿಗೆ ಕೊಡಬೇಕಾದವರು ಯಾರು?"

ಅವರು ಬೇಡಿಕೆ ಪಟ್ಟಿಯ ಕೊನೆಯಲ್ಲಿದ್ದ ಹಣಕಾಸು ಅಧಿಕಾರಿಯ ಹೆಸರು ತೋರಿಸಿದರು. ಚುಕ್ಕೆಗೆ ದಾರಿ ಮಾಡಿಕೊಟ್ಟ ಅಧಿಕಾರಿಯೇ ಅದನ್ನು ತಡೆಯಲು ಒಪ್ಪಬೇಕಿತ್ತು.

ನನ್ನ ಕೈಯಲ್ಲಿ ಉಳಿದದ್ದು ನನ್ನ ಸಹಿ ಮಾತ್ರ. ಅದನ್ನು ಹಿಂಪಡೆಯುವ ಪತ್ರ ಬರೆದೆ; ಯಾರೂ ಓದಿರಲಿಲ್ಲವೆಂದು ರೂತ್‌ಗೂ ಬರೆದೆ. ಬಸವರಾಜನನ್ನು ಕೇಳಲು ಮನಸ್ಸಾಗಲಿಲ್ಲ. ಅವನ ಬ್ಲೂ ಕಾರ್ಡ್, ಎಂದರೆ ವಾಸದ ಪರವಾನಗಿ, ಆ ನೌಕರಿಗೆ ಅಂಟಿಕೊಂಡಿತ್ತು. ಮರುದಿನ ಅವನೇ ತನ್ನ ಪತ್ರ ಹಿಡಿದು ಬಂದ.

"ಬ್ಯಾಡ, ಬಸಣ್ಣ. ವಿಚಾರ ಮಾಡು."

"ಮಾಡೇನ್ರಿ ಅಕ್ಕಾರ. ನೀವೊಬ್ರೇ ಹಿಂದ ತಗೊಂಡ್ರ ಕುರುಡ ಕಣ್ಣು ನನ್ನವಷ್ಟೇ ಉಳೀತಾವ."

ಎರಡೂ ಸಹಿಗಳಿಲ್ಲದೆ, ಚುಕ್ಕೆಗೆ ಸಿಕ್ಕ ಆ ಹಸಿರಿಗೆ ಆಧಾರವಿರಲಿಲ್ಲ. ಮೂರನೆಯ ದಿನ ಹದಿನೇಳು ಗುರುತುಗಳು ಬೂದು ಬಣ್ಣಕ್ಕೆ ತಿರುಗಿದವು. ನಾನು ಅಷ್ಟಕ್ಕೇ ಗೆದ್ದೆವೆಂದುಕೊಂಡೆ. ಎರಡು ವಾರ ಕಳೆದು ನೋಡಿದರೆ ಹದಿನೇಳೂ ಜಾಗಗಳಲ್ಲಿ ಚುಕ್ಕೆಯ ಬದಲು ಒಂದೇ ವಾಕ್ಯ: 'ಸಮುದಾಯದ ಸುರಕ್ಷತೆಗೆ ಅನುಕೂಲ.' ಬೇರೆ ಇಬ್ಬರ ಸಹಿಯೊಂದಿಗೆ ಗುರುತುಗಳು ಮತ್ತೆ ಹಸಿರಾಗಿದ್ದವು. ಬಸವರಾಜನನ್ನು ಮತ್ತೊಂದು ವಿಭಾಗಕ್ಕೆ ಕಳಿಸಿದರು. ನನ್ನ ಒಪ್ಪಂದ ನವೀಕರಣವಾಗಲಿಲ್ಲ. ಎರಡಕ್ಕೂ ಕೊಟ್ಟ ಕಾರಣಗಳನ್ನು ನಾನು ಇಂದಿಗೂ ನಂಬಿಲ್ಲ.

ಜನವರಿಯ ಕೊನೆಯಲ್ಲಿ ರೂತ್ ಬರೆದರು: "ಕೊನೆಯ ಹಾಸಿಗೆಯನ್ನು ಇಂದು ಒಯ್ದರು. ಯಾರೂ ಓದಲಿಲ್ಲ ಎಂದು ನಿಜ ಹೇಳಿದವರು ನೀವೊಬ್ಬರೇ."

ಫಾರಂ ತುಂಬಿದೆಯೇ ಎಂದು ಯಂತ್ರ ಹೇಳಬಲ್ಲದು, ನಿಜವೇ ಎಂದು ಹೇಳಲಾರದು. ಖರ್ಚು ಮಾಡುವವರೇ ತಪಾಸಣೆಯ ಅಳತೆಯನ್ನೂ ಬರೆದರೆ, ಎಷ್ಟು ಕಣ್ಣುಗಳಿದ್ದರೂ ಅವು ಅವರವೇ. ಇಪ್ಪತ್ತೆರಡು ವರ್ಷಗಳ ವೃತ್ತಿ ನನಗೆ ಇದನ್ನು ಕಲಿಸಿದ್ದು ಬಹಳ ತಡವಾಗಿ.

ಆದ್ದರಿಂದ ಆ ಕೌಂಟಿಯ ಆಡಳಿತ ಮಂಡಳಿಯವರೇ, ನನ್ನ ಹಿಂದಿನ ಸಂಸ್ಥೆಯ ನಿರ್ದೇಶಕರೇ, ಎರಡನೆಯ ಸಹಿಯ ಅಧಿಕಾರವನ್ನು ಈ ಮಾತ್ರೆಗಳಿಂದ ಮಕ್ಕಳನ್ನು ಕಳೆದುಕೊಂಡ ಮನೆಯವರಿಗೆ ಕೊಡಿ. ಪ್ರತಿ ಹಸಿರು ಗುರುತಿನ ಪಕ್ಕದಲ್ಲಿ ಆ ವರದಿಯನ್ನು ಓದಿ ಒಪ್ಪಿದವರ ಹೆಸರನ್ನು, ಎಲ್ಲರಿಗೂ ಕಾಣುವಂತೆ, ಬರೆಯಿರಿ. ಪೊಲೀಸರ ಆ ಎರಡು ವಾಹನಗಳಿಂದಲೇ ಶುರುಮಾಡಿ. ಅಲ್ಲಿ ಓದದೆ ಸಹಿ ಮಾಡಿದವಳೆಂದು ಮೊದಲು ನನ್ನ ಹೆಸರು ಬರೆಯಿರಿ: ಶಾಹೀನ್ ಇನಾಮದಾರ್. ಆಮೇಲೆ ನಿಮ್ಮದು.