ಅದಿರಲ್ಲ, ಮೆಣಸಿನಕಾಯಿ

ಕೊಟ್ರೇಶ ಗಣಿಯವರಿಂದ ಲಂಚ ತಿಂದಿದ್ದಾನೆ ಎಂದು ಮೊದಲು ಹೇಳಿದವಳು ನಾನು. ತಿಂದಿಲ್ಲ ಎಂದು ಖಾತ್ರಿಯಾದ ಮೇಲೂ ಬಾಯಿ ಮುಚ್ಚಿಕೊಂಡು ಕೂತವಳೂ ನಾನೇ. ಮೊದಲನೆಯದನ್ನು ಅವಸರದ ತಪ್ಪು ಎಂದು ಯಾರಾದರೂ ಕ್ಷಮಿಸಬಹುದೇನೋ. ಎರಡನೆಯದಕ್ಕೆ ಆ ಹೆಸರೂ ಹೊಂದುವುದಿಲ್ಲ — ಅದು ತಿಳಿದು ತಿಳಿದೇ ಮಾಡಿದ್ದು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

ನಾನು ಮೊದಲಿನಿಂದಲೂ ಅನುಮಾನದ ಪ್ರಾಣಿ. ಹೊಸಪೇಟೆಯಲ್ಲಿ ಅಪ್ಪನದು ಅಕ್ಕಿ ವ್ಯಾಪಾರ. ಚೀಲದ ಬಾಯಲ್ಲಿ ಕಾಣುವ ಅಕ್ಕಿ ನೋಡಿ ಬೆಲೆ ಕಟ್ಟಬಾರದು, ತಳದ ಅಕ್ಕಿ ತೆಗೆದು ನೋಡಬೇಕು ಎನ್ನುವುದನ್ನು ಕೇಳುತ್ತಲೇ ಬೆಳೆದೆ. ಆಮೇಲಾಮೇಲೆ ಮನುಷ್ಯರನ್ನೂ ಹಾಗೆಯೇ ನೋಡಲು ಶುರುಮಾಡಿದೆ. ತರಕಾರಿಯವಳ ತಕ್ಕಡಿ, ಆಟೋದವನ ಮೀಟರು, ನಗುನಗುತ್ತ ಮಾತಾಡಿಸುವ ನೆಂಟರು — ಎಲ್ಲದರ ಹಿಂದೆ ಏನೋ ಇದೆ ಅನ್ನಿಸುತ್ತಿತ್ತು. ಕೆಲವು ಸಲ ಇರುತ್ತಲೂ ಇತ್ತು. ಅದೇ ನನಗೆ ಕುಮ್ಮಕ್ಕು.

ಓದಿದ್ದು ಭೂಗೋಳ, ಸಿಕ್ಕ ಕೆಲಸ ಜಿಐಎಸ್‌ನದು, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು. ಹೊಸಪೇಟೆಯ ಒಂದು ಸಣ್ಣ ಖಾಸಗಿ ಸಂಸ್ಥೆ. ಹೊಸಪೇಟೆ, ಸಂಡೂರು, ಕಂಪ್ಲಿ ಸುತ್ತಮುತ್ತಲಿನ ನೆಲ ಯಾವ ಯಾವುದಕ್ಕೆ ಬಳಕೆಯಾಗುತ್ತಿದೆ ಎಂಬ ನಕ್ಷೆ ಮಾಡಿಕೊಡುವ ಗುತ್ತಿಗೆ ಹಿಡಿದಿತ್ತು. ಉಪಗ್ರಹದ ಚಿತ್ರವನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ಬಣ್ಣ ನೋಡಿ ಇದು ಭತ್ತ, ಇದು ಕಬ್ಬು, ಇದು ಮನೆ, ಇದು ಗಣಿ ಎಂದು ತುಂಡು ತುಂಡಾಗಿ ವಿಂಗಡಿಸುತ್ತದೆ. ಆದರೆ ಅದರ ಜಾಣತನವನ್ನು ಪೂರ್ತಿ ನಂಬುವಂತಿಲ್ಲ. ಹಂಪಿಯ ಬಂಡೆಗಳನ್ನೆಲ್ಲ ಮನೆಗಳೆಂದು ಎಣಿಸಿ ಅಲ್ಲಿ ದೊಡ್ಡ ಪಟ್ಟಣವನ್ನೇ ಕಟ್ಟಿಬಿಟ್ಟಿತ್ತು. ಕಮಲಾಪುರದ ಬಾಳೆಯನ್ನು ಕಬ್ಬು ಎನ್ನುತ್ತಿತ್ತು. ಹಾಗಾಗಿ ಅನುಮಾನ ಬಂದ ಜಾಗಕ್ಕೆ ನಮ್ಮಲ್ಲಿ ಒಬ್ಬರು ಹೋಗಿ, ಕಣ್ಣಾರೆ ನೋಡಿ, ಫೋಟೋ ತೆಗೆದು, ತಪ್ಪಿದ್ದರೆ ತಿದ್ದಬೇಕು. ಅನುಮಾನ ಪಡುವುದಕ್ಕೇ ಸಂಬಳ ಕೊಡುವ ಕೆಲಸ — ನನಗಿಂತ ಯೋಗ್ಯರು ಇನ್ಯಾರು ಸಿಗಬೇಕು?

ಸಿಕ್ಕಿದ್ದ. ಕಂಪ್ಲಿಯ ಕೊಟ್ರೇಶ. ಎಂ.ಎ.ಯಲ್ಲಿ ನನ್ನ ಜೊತೆ ಓದಿದವನು, ನನ್ನಷ್ಟೇ ಅಂಕ ತೆಗೆದವನು, ನನಗಿಂತ ಹೆಚ್ಚು ಮಾತಾಡುವವನು. ದಿನಾ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದು, ಎಲ್ಲರಿಗೂ ಚಹಾ ಹೇಳಿ, ನನ್ನ ಕುರ್ಚಿಯ ಹಿಂದೆ ನಿಂತು ಕೆಣಕುತ್ತಿದ್ದ.

"ಏನ್ರೀ ಮೇಡಂ, ಇವತ್ತು ಯಾರ ಮ್ಯಾಲೆ ಅನುಮಾನ?"

ನಾನು ನಗುತ್ತಿದ್ದೆ. ಒಳಗೊಳಗೆ ಉರಿಯುತ್ತಿತ್ತು ಎನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು. ನಮ್ಮ ವಿಭಾಗಕ್ಕೆ ಮುಖ್ಯಸ್ಥರನ್ನು ಮಾಡುವ ಮಾತು ನಡೆದಿತ್ತು. ಅದು ಅವನಿಗೇ ಎಂದು ಎಲ್ಲರೂ ಅಂದುಕೊಂಡಿದ್ದರು.

ಆಗ ಬಂದದ್ದು ಆ ಕೆಂಪು ತುಂಡು.

ಸಂಡೂರಿನಿಂದ ಹೊಸಪೇಟೆಗೆ ಬರುವ ದಾರಿಯಲ್ಲಿ ಹಿಂದೆ ಅದಿರು ರಾಶಿ ಹಾಕುತ್ತಿದ್ದು ಆಮೇಲೆ ಮುಚ್ಚಿಹೋದ ಒಂದು ಯಾರ್ಡು ಇತ್ತು. ಅದಕ್ಕೆ ಅಂಟಿಕೊಂಡಂತೆ ಒಂದು ಬರಡು ಹೊಲ. ಹಳೆಯ ಚಿತ್ರದಲ್ಲಿ ಅದು ಖಾಲಿ. ಹೊಸ ಚಿತ್ರದಲ್ಲಿ ಹೊಲದ ಮುಕ್ಕಾಲು ಭಾಗ ಕೆಂಪು. ಕಂಪ್ಯೂಟರು ಅದಕ್ಕೆ 'ಅದಿರು ದಾಸ್ತಾನು' ಎಂದು ಹೆಸರು ಕೊಟ್ಟಿತ್ತು. ಕಳ್ಳ ಅದಿರು ಎಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ನೋಡಿಬರಲು ಕೊಟ್ರೇಶ ಹೋದ. ಮರುದಿನ ಬಂದು ಅದನ್ನು ಅಳಿಸಿ 'ಕೃಷಿ' ಎಂದು ಬದಲಾಯಿಸಿದ. ಫೋಟೋ ಹಚ್ಚಿರಲಿಲ್ಲ.

"ಅದಿರೂ ಇಲ್ಲ, ಮಣ್ಣೂ ಇಲ್ಲ. ಮೆಣಸಿನಕಾಯಿ ಒಣಗಾಕ ಹಾಕ್ಯಾರ," ಎಂದ ಚಹಾ ಕುಡಿಯುತ್ತ. "ನಮ್ಮ ಕಂಪ್ಲಿ ಕಡೆಯವ್ರು. ಸೀನಿ ಸೀನಿ ಸಾಕಾತು ನನಗ. ಫೋನ್ ಬ್ಯಾರೆ ಬಿದ್ದು ಒಡೀತು. ಪುಣ್ಯಾಕ್ಕ ನಮ್ಮ ವೀರೇಶನ ಜೀಪ್ ಇತ್ತು, ಅದ್ರಾಗ ಹೋಗಿ ಬಂದೆ."

ವೀರೇಶ ಅವನ ಸೋದರಮಾವನ ಮಗ. ಸಂಡೂರಿನ ಒಂದು ಗಣಿಯ ಆಫೀಸಿನಲ್ಲಿ ಕೆಲಸ. ಜೀಪು ಆ ಆಫೀಸಿನದು.

ಗಣಿಯ ಜೀಪು. ಒಡೆದ ಫೋನು. ಆ ಸುತ್ತಿನಲ್ಲಿ ಎಲ್ಲೂ ಮೆಣಸಿನಕಾಯಿ ಗಿಡವೇ ಇಲ್ಲ. ಜೊತೆಗೆ ಅದೇ ತಿಂಗಳು ಅವನು ಹೊಸ ಬುಲೆಟ್ ತಗೊಂಡಿದ್ದ — ಅವತ್ತೆಲ್ಲ ನಾನು ಇವನ್ನೇ ಮನಸ್ಸಿನಲ್ಲಿ ಜೋಡಿಸುತ್ತ ಕೂತೆ. ಎಷ್ಟು ಚೆನ್ನಾಗಿ ಹೊಂದಿಕೊಂಡವು! ಕಂಪ್ಲಿಯವರು ಅಷ್ಟು ದೂರ ಯಾಕೆ ಬಂದು ಒಣಗಿಸುತ್ತಾರೆ ಎಂದು ಒಂದು ಮಾತು ಅವನನ್ನೇ ಕೇಳಬಹುದಿತ್ತು. ಕೇಳಿದರೆ ಹುಷಾರಾಗಿಬಿಡುತ್ತಾನೆ ಅಂದುಕೊಂಡೆ. ಅನುಮಾನ ಬಂದಮೇಲೆ ಎದುರಿನವನ ಉತ್ತರವೂ ಅನುಮಾನಕ್ಕೇ ಸೇರುತ್ತದಲ್ಲ.

ಸಂಸ್ಥೆಯ ಹಿರಿಯರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಜೀಪಿನ ಸಂಗತಿಯನ್ನು ಒತ್ತಿ ಹೇಳಿದೆ. ನನ್ನ ಹೆಸರು ಹೊರಗೆ ಬರಬಾರದು ಎಂದು ಕೇಳಿಕೊಂಡೆ. ಅವರು ಒಪ್ಪಿದರು, ಮಾತೂ ಉಳಿಸಿಕೊಂಡರು.

ತನಿಖೆಗೆಂದು ನಾವು ಆ ಹೊಲಕ್ಕೆ ಹೋಗುವಷ್ಟರಲ್ಲಿ ಅಲ್ಲಿ ಏನೂ ಇರಲಿಲ್ಲ. ಬರಿ ನೆಲ, ಟ್ರ್ಯಾಕ್ಟರಿನ ಗಾಲಿಯ ಗುರುತು. ಮಾಲು ಸಾಗಿಸಿದ್ದಾರೆ ಎಂದರು ಹಿರಿಯರು. ಕಾಯಿ ಒಣಗಿಸಿದವರ ಹೆಸರನ್ನು ಕೊಟ್ರೇಶ ಕೇಳಿಕೊಂಡಿರಲಿಲ್ಲ. ಹೊಲದ ಯಜಮಾನನನ್ನು ಕರೆಸಿದರು. ಅಷ್ಟು ಜನ, ಎರಡು ಕಾರು ನೋಡಿದ್ದೇ ಆ ಮುದುಕ ಬೆವತುಹೋದ. "ನಮಗೇನೂ ಗೊತ್ತಿಲ್ರಿ ಸಾಹೇಬ್ರ. ನಾವು ಹೊಲ ಯಾರಿಗೂ ಕೊಟ್ಟಿಲ್ರಿ," ಎಂದು ಕೈ ಮುಗಿದ. ಕೊಟ್ರೇಶ ಅವನ ಮುಖವನ್ನೇ ನೋಡುತ್ತ ನಿಂತಿದ್ದ. "ಯಜಮಾನ್ರ, ಹಂಗ ಅನಬ್ಯಾಡ್ರಿ. ನೀವ ನನಗ ನೀರು ಕೊಟ್ರಲ್ಲ..." ಎಂದ. ಮುದುಕ ಮತ್ತೆ ಕೈ ಮುಗಿದ.

ಬಿಸಿಲು ಕಾಯುತ್ತಿತ್ತು. ಹಿರಿಯರು ಬೇವಿನ ಮರದ ಕೆಳಗೇ ನಿಂತು, ಜಿಪಿಎಸ್ ಹಿಡಿದು ಹೊಲ ಸುತ್ತಿ ಬರಲು ನನಗೆ ಹೇಳಿದರು. ನಾನು ನಡೆದೆ. ಹೊಲದ ಆಚೆ ತುದಿಗೆ ಬಂದಾಗ ಗಾಳಿ ಬೀಸಿತು, ನನಗೆ ಸೀನು ಬಂತು. ಒಂದಾದ ಮೇಲೆ ಒಂದು. ಕಣ್ಣಲ್ಲಿ ನೀರು. ಕೂತು ಕಣ್ಣೊರೆಸಿಕೊಳ್ಳುವಾಗ ನೆಲ ಕಂಡಿತು. ಬಿರುಕುಗಳಲ್ಲೆಲ್ಲ ಹಳದಿ ಬೀಜ. ಚಪ್ಪಟೆ, ಸಣ್ಣ ಸಣ್ಣ ಬೀಜ. ಒಣಗಿದ ತೊಟ್ಟುಗಳು. ಒಂದು ಮುರುಟಿದ ಕಾಯಿ — ಅಡುಗೆಮನೆಯಲ್ಲಿ ದಿನಾ ಕೈಯಲ್ಲಿ ಮುರಿಯುವ ಕಾಯಿ ನನಗೆ ಗುರುತು ಸಿಗದೇ ಇರುತ್ತದೆಯೇ?

ಎಲ್ಲವೂ ಆಗ ತಿಳಿಯಿತು. ಕಂಪ್ಲಿಯದು ಕಾಲುವೆ ನೀರಿನ ನೆಲ. ಸುತ್ತ ಗದ್ದೆ, ಕಬ್ಬು, ತೇವ. ಅಷ್ಟೊಂದು ಕಾಯಿ ಒಣಗಿಸಲು ಗಟ್ಟಿ ಜಾಗ ಸಾಲದೆ ದೂರದ ಬರಡು ಹೊಲ ಹುಡುಕಿ ಬರುತ್ತಾರೆ. ಒಣಗಿದ ಮೇಲೆ ತುಂಬಿಕೊಂಡು ಹೋಗುತ್ತಾರೆ. ಮುದುಕ ಹೆದರಿ ಸುಳ್ಳು ಹೇಳಿದ್ದ. ಕೊಟ್ರೇಶ ಹೇಳಿದ್ದು ಅಕ್ಷರ ಅಕ್ಷರ ನಿಜ.

ಎದ್ದು ನಿಂತೆ. ಆ ಕಾಯಿ ನನ್ನ ಕೈಯಲ್ಲೇ ಇತ್ತು. ಮರದ ಕೆಳಗಿಂದ ಹಿರಿಯರು ಕೂಗಿದರು: "ಏನಾರ ಸಿಕ್ತೇನಮ್ಮಾ?"

ಕೊಟ್ರೇಶ ನನ್ನತ್ತಲೇ ನೋಡುತ್ತಿದ್ದ. ನಂಬಿಕೆಯಿಂದ. ಹೌದು, ನಂಬಿಕೆಯಿಂದಲೇ — ಅವನಿಗೆ ಗೊತ್ತಿತ್ತು, ನಾನು ಎಲ್ಲವನ್ನೂ ತಳ ಮುಟ್ಟಿ ನೋಡುವವಳು ಎಂದು.

"ನೆಲ ಕೆಂಪಗೈತಿ ಸರ್," ಎಂದೆ.

ಅಷ್ಟೇ. ಅದು ಸುಳ್ಳೂ ಅಲ್ಲ. ಆ ಭಾಗದ ನೆಲವೇ ಕೆಂಪು. ಕಾಯಿಯನ್ನು ಕೈಬಿಟ್ಟು, ಕಾಲಿನಿಂದ ಮಣ್ಣು ಸರಿಸಿದೆ. ಯಾಕೆ ಹಾಗೆ ಮಾಡಿದೆ ಎಂದು ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೇನೆ. ದೂರು ಕೊಟ್ಟವಳು ನಾನೇ ಆದ್ದರಿಂದ ಮರ್ಯಾದೆ ಹೋಗುತ್ತದೆಂಬ ಹೆದರಿಕೆ — ಇದ್ದದ್ದು ನಿಜ. ಮುಖ್ಯಸ್ಥೆಯ ಕುರ್ಚಿ — ಅದೂ ನಿಜ. ಇನ್ನೊಂದಿದೆ, ಹೇಳಲು ನಾಚಿಕೆಯಾಗುತ್ತದೆ. ನನ್ನ ಅನುಮಾನ ಸುಳ್ಳಾಯಿತಲ್ಲ ಎಂದು ನನಗೆ ಸಿಟ್ಟು ಬಂದಿತ್ತು. ಅವನು ಒಳ್ಳೆಯವನಾಗಿ ಉಳಿದದ್ದಕ್ಕೇ ಅವನ ಮೇಲೆ ಸಿಟ್ಟು.

ಕೊಟ್ರೇಶನನ್ನು ಕೆಲಸದಿಂದ ತೆಗೆದರು. ಪೊಲೀಸು, ಕೋರ್ಟು ಏನೂ ಆಗಲಿಲ್ಲ, ಪುರಾವೆ ಇದ್ದರೆ ತಾನೇ? ಆದರೆ ನಮ್ಮ ಕಸುಬಿನ ಜನ ಕೈಬೆರಳೆಣಿಕೆಯಷ್ಟು. 'ಗಣಿಯವರ ಮನುಷ್ಯ' ಎಂಬ ಮಾತು ಅವನಿಗಿಂತ ಮೊದಲೇ ಹೋಗಿ ಎಲ್ಲ ಆಫೀಸುಗಳಲ್ಲೂ ಕೂತಿರುತ್ತಿತ್ತು. ಎಲ್ಲೂ ಕೆಲಸ ಸಿಗಲಿಲ್ಲ. ಕುರ್ಚಿ ನನಗೆ ಸಿಕ್ಕಿತು. ಆ ಹೊಲ ನಕ್ಷೆಯಲ್ಲಿ ಮತ್ತೆ ಅದಿರಾಯಿತು, ಹಾಗೆಯೇ ಉಳಿಯಿತು. ಹೊಸ ನಕ್ಷೆ ಮಾಡುವಾಗ ಹಳೆಯದನ್ನು ನಕಲು ಮಾಡುವುದು ರೂಢಿ. ಪ್ರತಿ ಸಲ ಸಹಿ ಹಾಕಿದವಳು ನಾನು.

ಈ ವರ್ಷ ಬಾಳೆ ತೋಟಗಳನ್ನು ನೋಡಲು ಕಮಲಾಪುರಕ್ಕೆ ಹೋಗಿದ್ದೆ. ಒಂದು ತೋಟದಲ್ಲಿ ಹನಿ ನೀರಾವರಿಯ ಪೈಪು ಎಳೆಸುತ್ತಿದ್ದವನು ತಿರುಗಿ ನೋಡಿದ. ಕೊಟ್ರೇಶ. ಕೂದಲು ನರೆತಿತ್ತು, ಅಂಗಿಗೆ ಇಸ್ತ್ರಿ ಇರಲಿಲ್ಲ. ಓಡಿ ತಪ್ಪಿಸಿಕೊಳ್ಳೋಣ ಅನ್ನಿಸಿತು. ಅವನೇ ನಗುತ್ತ ಬಂದ.

"ಬರ್ರಿ ಮೇಡಂ, ಭಾಳ ವರ್ಷ ಆತು! ಕುಂದ್ರಿ, ಎಳನೀರು ತರಸ್ತೀನಿ."

ಕಂಪ್ಲಿಯಲ್ಲಿ ಪೈಪಿನ ಅಂಗಡಿ ಇಟ್ಟಿದ್ದಾನಂತೆ. ಅದೂ ಇದೂ ಮಾತಾಡಿದ ಮೇಲೆ ದನಿ ತಗ್ಗಿಸಿ ಹೇಳಿದ: "ಅವತ್ತು ನನ್ನ ಹಾಳು ಮಾಡಿದಾಂವ ಯಾರಂತ ನನಗ ಗೊತ್ತದರೀ. ಆ ವೀರೇಶನ. ಜೀಪಿನ ಮಾತು ಅವನ್ನ ಬಿಟ್ರ ಯಾರಿಗೆ ಗೊತ್ತಿತ್ತು? ಆಫೀಸಿನ ಜೀಪ್ ಕೊಟ್ಟದ್ದಕ್ಕ ತನ್ನ ನೌಕರಿ ಹೋಗಬಾರದಂತ ನನ್ನ ತೋರಿಸಿಬಿಟ್ಟ. ಅವನ ಮುಖಾನೂ ನೋಡಂಗಿಲ್ಲ ಅಂತ ಬಿಟ್ಟೀನಿ." ಆಮೇಲೆ, "ಆಫೀಸಿನ್ಯಾಗ ನನ್ನ ಬಗ್ಗೆ ಕೆಟ್ಟ ಮಾತು ಆಡದವ್ರು ನೀವೊಬ್ರ," ಎಂದ.

ಜೀಪಿನ ಮಾತನ್ನು ಚಹಾ ಕುಡಿಯುತ್ತ ನನಗೆ ಹೇಳಿದ್ದು ಅವನಿಗೆ ನೆನಪೇ ಇರಲಿಲ್ಲ. ನನ್ನ ಮೇಲೆ ಅನುಮಾನ ಪಡಬೇಕೆಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಎಳನೀರು ಕುಡಿದೆ. ಅವತ್ತೂ ಏನೂ ಹೇಳದೆ ಎದ್ದು ಬಂದೆ. ಎರಡನೆಯ ಸಲ.

ಆಮೇಲೆ ಯಾರ ಮುಖ ನೋಡಿದರೂ, ಕೊಟ್ರೇಶ ವೀರೇಶನನ್ನು ಶಂಕಿಸಿದ ಹಾಗೆ ಇವರು ಯಾರನ್ನು ಸುಮ್ಮನೆ ಶಂಕಿಸುತ್ತಿದ್ದಾರೋ ಎಂಬ ಯೋಚನೆ. ಆಫೀಸಿನಲ್ಲಿ ಆ ಹೊಲದ ಹೆಸರನ್ನು ಸರಿಪಡಿಸಿದೆ, ಕಾರಣವನ್ನೂ ನನ್ನ ತಪ್ಪನ್ನೂ ಮೇಲಿನವರಿಗೆ ಬರೆದು ಕೊಟ್ಟೆ. ಅವರು ಏನು ಮಾಡುತ್ತಾರೋ ಮಾಡಲಿ. ಮೊನ್ನೆ ಗುರುವಾರ ಬಸ್ಸು ಹತ್ತಿ ಕಂಪ್ಲಿಗೆ ಹೋದೆ.

ಅಂಗಡಿಯಲ್ಲಿ ಗಿರಾಕಿಗಳು ಇರಲಿಲ್ಲ. ನಿಂತೇ ಎಲ್ಲ ಹೇಳಿದೆ — ದೂರು, ಜೀಪು, ಸೀನು, ಬೀಜ. ಕೊಟ್ರೇಶ ಪೈಪು ಸುತ್ತುತ್ತಲೇ ಇದ್ದ. ಕೈ ನಿಂತಿದ್ದು ಬೀಜದ ಮಾತು ಬಂದಾಗ.

"ಕಣ್ಣಾರೆ ನೋಡಿದ್ರಾ?"

"ನೋಡಿದೆ. ಕೈಯಾಗ ಹಿಡ್ದಿದ್ದೆ."

ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಹಂಗಾದ್ರ ವೀರೇಶ..." ಎಂದು ಅಲ್ಲಿಗೇ ನಿಲ್ಲಿಸಿದ. ಕೈಯಲ್ಲಿದ್ದ ಪೈಪನ್ನು ಕೆಳಗಿಟ್ಟು ಹೇಳಿದ: "ಹ್ವಾದ ವರ್ಷ ಅವನ ಅವ್ವ ತೀರಿಕೊಂಡ್ಲು. ನಮ್ಮತ್ತಿ. ನನ್ನ ಎತ್ತಿ ಆಡಿಸಿ ಬೆಳಿಸಿದಾಕಿ. ಕೊನೀಗೆ ನನ್ನ ಹೆಸರು ಹಿಡಿದು ಕರದಳಂತ, ವೀರೇಶ ಫೋನ್ ಮಾಡಿದ್ದ. ಅವನ ದನಿ ಕೇಳಿ ನಾ ಫೋನ್ ಇಟ್ಟುಬಿಟ್ಟೆ. ಮಣ್ಣಿಗೂ ಹೋಗ್ಲಿಲ್ರೀ ನಾನು."

ನನ್ನ ಕ್ಷಮೆಯ ಮಾತು ಅವನಿಗೆ ಬೇಕಿರಲಿಲ್ಲ.

"ಐತವಾರ ಸಂಡೂರಿಗೆ ಹೋಗ್ತೀನಿ," ಎಂದ. "ನೀವೂ ಬರ್ಬೇಕು. ನನಗ ಹೇಳಿದ್ದನ್ನ ಅವನ ಮುಂದ ಹೇಳ್ರಿ. ನಾ ಒಬ್ಬನ ಹ್ವಾದ್ರ ಅವ ಯಾಕ ನಂಬ್ತಾನ? ನಾ ಅವನ್ನ ನಂಬಿದ್ನೇನು?"

ನಾಳೆ ಐತವಾರ. ಗಂಡನಿಗೆ ಇವತ್ತು ಹೇಳಿದೆ. ಬೆಳಿಗ್ಗೆ ಹೊಸಪೇಟೆ ಬಸ್ ನಿಲ್ದಾಣದಲ್ಲಿ ಕೊಟ್ರೇಶ ಕಾಯುತ್ತಾನೆ. ವೀರೇಶನನ್ನು ನಾನು ಒಮ್ಮೆಯೂ ನೋಡಿದವಳಲ್ಲ. ಕುರ್ಚಿಯ ಆಸೆ, ಹೆದರಿಕೆ, ಸಿಟ್ಟು ಎಂದು ಅಲ್ಲಿ ವಿವರಿಸುತ್ತ ಕೂರುವುದಿಲ್ಲ. ಜೀಪಿನ ಮಾತು ಹೇಳಿದವಳು ನಾನು, ಬೀಜ ಕಂಡೂ ಮುಚ್ಚಿಟ್ಟವಳು ನಾನು — ಇಷ್ಟು ಹೇಳಬೇಕು. ಅವನ ತಾಯಿಯ ಫೋಟೋ ಇರಬಹುದಾದ ಆ ಮನೆಯಲ್ಲಿ ನನ್ನನ್ನು ಕೂರಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ನಿಂತೇ ಹೇಳುತ್ತೇನೆ.